ಹುಡುಗರು ಕೀಬೋರ್ಡಿಗೆ, ಹುಡುಗಿಯರು ರೆಕಾರ್ಡಿಗೆ

ಹೋದ ತಿಂಗಳು ಅವ್ವನ ಬೆನ್ನಿನ ಸ್ಕ್ಯಾನ್ ಮಾಡಿಸಲು ಹೈದರಾಬಾದಿನ ಮೆಹದಿಪಟ್ಟಣಂನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಹೋಗಿದ್ದೆ. ಹೊರಗೆ ಏಪ್ರಿಲ್ ಬಿಸಿಲು ನೆತ್ತಿ ಸುಡುತ್ತಿತ್ತು. ಒಳಕೋಣೆಯ ಬಾಗಿಲಿಗೆ ‘ಚಪ್ಪಲಿ ಹೊರಗೆ ಬಿಡಿ’ ಎಂದು ಮೂರು ಭಾಷೆಯಲ್ಲಿ ಬರೆದು ಅಂಟಿಸಿದ್ದರು. ಬಿಟ್ಟು ಒಳಗೆ ಕಾಲಿಟ್ಟೆ. ಎ.ಸಿ.ಯ ತಂಪು, ಬೆವರಿದ ಕಾಲುಚೀಲದ ವಾಸನೆ, ಅದನ್ನು ಮುಚ್ಚಲು ಯಾರೋ ಹೊಡೆದ ಅಗ್ಗದ ಮಲ್ಲಿಗೆ ಸೆಂಟು. ಮೂರೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಹಲ್ಲು ಕಚ್ಚಿಕೊಂಡು ನಿಂತುಬಿಟ್ಟೆ.

“ಯಾಕ, ಏನಾತು?” ಅಂದಳು ಅವ್ವ.

“ಏನಿಲ್ಲ. ಕಾಲೇಜಿನ ಲ್ಯಾಬ್ ನೆನಪಾತು.”

“ಇಪ್ಪತ್ತೈದು ವರ್ಷ ಆತಲ್ಲ. ಇನ್ನೂ ಸಿಟ್ಟು ಇಳಿದಿಲ್ಲೇನ ನಿಂಗ?”

ಇಳಿದಿಲ್ಲ. ಅವ್ವ ಒಳಗೆ ಯಂತ್ರದಲ್ಲಿ ಮಲಗಿದ್ದ ಅರ್ಧ ಗಂಟೆ ನಾನು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆ ಒಂದು ವರ್ಷವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಬೈದು ಮುಗಿಸಿದೆ.

ಅದು ನನ್ನ ಇಂಟರ್ ಎರಡನೇ ವರ್ಷ. ಕರ್ನಾಟಕದವರು ಪಿಯುಸಿ ಅನ್ನುವುದಕ್ಕೆ ಹೈದರಾಬಾದಿನಲ್ಲಿ ಇಂಟರ್ ಅನ್ನುತ್ತಾರೆ. ಎರಡು ಸಾವಿರದ ಇಸವಿಗೆ ಇನ್ನೂ ಸ್ವಲ್ಪ ದಿನವಿತ್ತು. ಆ ಇಸವಿ ಬಂದ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ, ಅವನ್ನು ರಿಪೇರಿ ಮಾಡಲು ನಮ್ಮೂರಿನ ಹುಡುಗರೇ ಬೇಕು ಎಂದು ಊರಿಗೆ ಊರೇ ನಂಬಿತ್ತು. ಒಂದೊಂದು ಕರೆಂಟು ಕಂಬಕ್ಕೂ ಮೂರು ಮೂರು ಕೋರ್ಸಿನ ಬೋರ್ಡು. ನಮ್ಮ ಕಾಲೊನಿಯ ಇಡ್ಲಿ ಬಂಡಿಯವನು ಚಟ್ನಿ ಹಾಕುತ್ತಾ ಮಗನನ್ನು ಯಾವ ಕೋರ್ಸಿಗೆ ಸೇರಿಸಲಿ ಎಂದು ಗಿರಾಕಿಗಳನ್ನು ಕೇಳುತ್ತಿದ್ದ. ನನಗೂ ಆ ಹುಚ್ಚು ಹಿಡಿದಿತ್ತು. ಮೊದಲ ವರ್ಷದಲ್ಲಿ ಬರೀ ಪಾಠ. ಕಂಪ್ಯೂಟರ್ ಎಂದರೆ ಪುಸ್ತಕದ ಚಿತ್ರ. ಎರಡನೇ ವರ್ಷ ಲ್ಯಾಬು, ಪ್ರೋಗ್ರಾಂ ಬರೆಯುವುದು, ಕೊನೆಗೆ ಒಂದು ಅಪ್ಲಿಕೇಶನ್ ಕಟ್ಟುವುದು. ಜೂನ್ ಬರಲಿ ಎಂದು ನಾನು ದಿನ ಎಣಿಸಿದ್ದೆ.

ನಮ್ಮದು ಲಿಂಗಸುಗೂರಿನ ಕಡೆಯ ಮನೆತನ. ಅಜ್ಜನ ಕಾಲಕ್ಕೇ ಸರ್ಕಾರಿ ನೌಕರಿಗೆಂದು ಇಲ್ಲಿಗೆ ಬಂದವರು. ಅಪ್ಪ ನೀರಾವರಿ ಇಲಾಖೆಯಲ್ಲಿ ಗುಮಾಸ್ತ. ಕಂಪ್ಯೂಟರ್ ಗ್ರೂಪು ತೆಗೆದುಕೊಳ್ಳುತ್ತೇನೆ ಎಂದಾಗ ಅವನು ಬೇಡ ಅನ್ನಲಿಲ್ಲ, ಆದರೆ ಒಂದು ಕರಾರು ಹಾಕಿದ.

“ಡಿಗ್ರಿಯೊಳಗೂ ಕಂಪ್ಯೂಟರ್ ಬೇಕಂದ್ರ ಪ್ರಾಕ್ಟಿಕಲ್‌ದಾಗ ಐವತ್ತಕ್ಕ ನಲವತ್ತು ಬರಬೇಕಂತ. ವಿಚಾರಿಸೀನಿ. ಬಂದ್ರ ಸೇರಿಸ್ತೀನಿ. ಬರಲಿಲ್ಲಂದ್ರ ಸುಮ್ಮನ ಬಿ.ಎ. ಮಾಡು. ಆಮ್ಯಾಲೆ ಅಳಬ್ಯಾಡ.”

“ನಲವತ್ತಲ್ಲ, ನಲವತ್ತೆಂಟು ತರ್ತೀನಿ,” ಅಂದೆ. ಪೊಗರು ನೋಡಿ ನನ್ನದು.

ಲ್ಯಾಬು ಎರಡನೇ ಮಹಡಿಯಲ್ಲಿತ್ತು. ಮಳೆಗಾಲ ಆಗಷ್ಟೇ ಶುರುವಾಗಿತ್ತು; ಕೆಸರು ಮೆಟ್ಟಿದ ಬೂಟು, ಚಪ್ಪಲಿಗಳನ್ನು ಬಾಗಿಲಲ್ಲೇ ಬಿಡಬೇಕು. ಕಾಲಿನ ಧೂಳಿನಿಂದ ಕಂಪ್ಯೂಟರಿಗೆ ವೈರಸ್ ಬರುತ್ತದೆ ಎಂದು ಅಟೆಂಡರ್ ಹೇಳಿದ್ದ. ನಾವೆಲ್ಲ ನಂಬಿದ್ದೆವು. ಒಳಗೆ ಹತ್ತು ಕಂಪ್ಯೂಟರು, ಒಂದೊಂದಕ್ಕೂ ಹೂವಿನ ಬಟ್ಟೆಯ ಹೊದಿಕೆ. ನಾವು ಹತ್ತು ಹುಡುಗರು, ಹತ್ತು ಹುಡುಗಿಯರು. ಕಲಿಸುವವರು ಗುರುರಾಜ ಸರ್. ರಾಯಚೂರಿನವರು, ಅಂದರೆ ನಮ್ಮ ಕಡೆಯವರೇ. ಎಲ್ಲರೊಂದಿಗೆ ತೆಲುಗು, ಇಂಗ್ಲಿಷು. ನನ್ನೊಂದಿಗೆ ಮಾತ್ರ ಕನ್ನಡ. ಆ ಹೆಮ್ಮೆ ಬೇರೆ ನನಗೆ.

ಮೊದಲ ದಿನವೇ ಸರ್ ಜೋಡಿ ಮಾಡಿದರು. ಒಂದು ಕಂಪ್ಯೂಟರಿಗೆ ಒಬ್ಬ ಹುಡುಗ, ಒಬ್ಬ ಹುಡುಗಿ. ಉಳಿದೆಲ್ಲ ತರಗತಿಯಲ್ಲಿ ಹುಡುಗಿಯರಾದ ನಮ್ಮನ್ನು ಗೋಡೆಯ ಕಡೆ ಒತ್ತಿ ಕೂರಿಸುತ್ತಿದ್ದ, ಮೆಟ್ಟಿಲ ಮೇಲೆ ಮಾತಾಡಿದರೆ ಮನೆಗೆ ಪತ್ರ ಬರೆಯುತ್ತಿದ್ದ ಕಾಲೇಜು ಅದು. ಇಲ್ಲಿ ಮಾತ್ರ ಯಾಕೆ ಇಷ್ಟು ಉದಾರ ಎಂದು ನಮಗೆ ಆಶ್ಚರ್ಯ. ಕಾರಣ ಐದು ನಿಮಿಷದಲ್ಲಿ ತಿಳಿಯಿತು. “ಹುಡುಗರು ಕೀಬೋರ್ಡಿಗೆ, ಹುಡುಗಿಯರು ರೆಕಾರ್ಡಿಗೆ,” ಎಂದು ಸರ್ ತೆಲುಗಿನಲ್ಲಿ ಹೇಳಿದರು, ನಗುತ್ತಲೇ.

ರೆಕಾರ್ಡು ಎಂದರೆ ದಪ್ಪ ರಟ್ಟಿನ ಪುಸ್ತಕ. ಪ್ರತಿ ಪ್ರೋಗ್ರಾಮನ್ನೂ ಅದರಲ್ಲಿ ಕೈಯಿಂದ ಬರೆಯಬೇಕು. ಬಲಗಡೆ ಗೆರೆಯ ಹಾಳೆಯಲ್ಲಿ ಉದ್ದೇಶ, ಹಂತಗಳು, ಪೂರ್ತಿ ಪ್ರೋಗ್ರಾಂ. ಎಡಗಡೆ ಖಾಲಿ ಹಾಳೆಯಲ್ಲಿ ಪರದೆಯ ಮೇಲೆ ಬಂದ ಉತ್ತರ, ಪರದೆಯ ಚೌಕಟ್ಟನ್ನೂ ಪೆನ್ಸಿಲಿನಲ್ಲಿ ಬಿಡಿಸಿ. ಕಂಪ್ಯೂಟರ್ ತಾನೇ ಅಚ್ಚು ಹಾಕಿ ಕೊಡಬಲ್ಲದ್ದನ್ನು ನಾವು ಕೂತು ನಕಲು ಮಾಡಬೇಕು! ಅದೂ ಎರಡು ಪ್ರತಿ. ಒಂದು ನಮ್ಮದು, ಇನ್ನೊಂದು ಜೋಡಿಯ ಹುಡುಗನದು. ಹೊರಗಿನಿಂದ ಪರೀಕ್ಷೆಗೆ ಬರುವವರು ಮೊದಲು ನೋಡುವುದೇ ರೆಕಾರ್ಡನ್ನು, ಹುಡುಗರ ಬರಹ ಕೋಳಿ ಕೆದರಿದ ಹಾಗೆ ಇರುತ್ತದೆ, ಇಡೀ ಬ್ಯಾಚಿನ ಮಾನ ಹೋಗುತ್ತದೆ. ಇದು ಸರ್ ಕೊಟ್ಟ ಕಾರಣ.

ನನ್ನ ಜೋಡಿ ಕಿಶೋರ್. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಕೇಳಿದರೆ ಜಾಗ ಬಿಡುತ್ತಿದ್ದ, ಆದರೆ ನಾನು ಒಂದು ಅಕ್ಷರ ಹುಡುಕುವಷ್ಟರಲ್ಲಿ ಅವನ ಕೈ ಅಡ್ಡ ಬಂದು ಒತ್ತಿಬಿಡುತ್ತಿತ್ತು. ವಾರಕ್ಕೆ ಎರಡು ತಾಸು ಲ್ಯಾಬು, ಅದರಲ್ಲಿ ಅರ್ಧ ಕರೆಂಟು ಇರುತ್ತಿರಲಿಲ್ಲ. ಕಲಿಯಲಿ ಎಂದು ಕಾಯುವ ಪುರುಸೊತ್ತು ಯಾರಿಗಿತ್ತು? ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ರೆಕಾರ್ಡು ಇಟ್ಟುಕೊಂಡು, ಎ.ಸಿ.ಗೆ ನಡುಗುತ್ತಾ ಬರೆದೆ. ಒಂದು ಮಾತು ಒಪ್ಪಿಕೊಳ್ಳಬೇಕು. ಸರ್ ನನ್ನ ರೆಕಾರ್ಡನ್ನು ಎತ್ತಿ ಎಲ್ಲರಿಗೂ ತೋರಿಸಿ, “ಮುತ್ತಿನಂಥ ಅಕ್ಷರ” ಎಂದಾಗ ನಾನು ಹಿರಿಹಿರಿ ಹಿಗ್ಗಿದೆ. ಮರುದಿನ ಹೊಸ ಪೆನ್ನು ಕೊಂಡುಕೊಂಡೆ.

ಆದರೆ ತಲೆ ಸುಮ್ಮನಿರಲಿಲ್ಲ. ನಮ್ಮ ಜೋಡಿಗೆ ಬಂದ ಅಪ್ಲಿಕೇಶನ್ನು ಗ್ರಂಥಾಲಯದ್ದು: ಪುಸ್ತಕದ ನಂಬರು ಕೊಟ್ಟರೆ ಅದು ಯಾರ ಹತ್ತಿರ ಇದೆ, ಯಾವತ್ತು ಮರಳಬೇಕು ಎಂದು ಹೇಳಬೇಕು. ಅದನ್ನು ಪೂರ್ತಿ ಯೋಚಿಸಿದವಳು ನಾನು. ಕಾಲೇಜಿನ ಲೈಬ್ರರಿಯಲ್ಲಿ ಮೂರು ಮಧ್ಯಾಹ್ನ ಕೂತು, ಯಾರು ಹೇಗೆ ಪುಸ್ತಕ ಒಯ್ಯುತ್ತಾರೆ, ಕಳೆದುಹೋದರೆ ಲೈಬ್ರರಿಯವರು ಏನು ಮಾಡುತ್ತಾರೆ, ಎಲ್ಲ ನೋಡಿ ಬರೆದುಕೊಂಡೆ. ಬಸ್ಸಿನಲ್ಲಿ ನಿಂತುಕೊಂಡೇ ಹಂತ ಹಂತವಾಗಿ ಕಟ್ಟಿದೆ. ಕಿಶೋರ್ ನನ್ನ ಹಾಳೆ ನೋಡಿಕೊಂಡು ಟೈಪ್ ಮಾಡಿದ. ಅದು ಮೊದಲ ಸಲ ಸರಿಯಾಗಿ ಓಡಿದ ದಿನ ಸರ್ ಬಂದು ಕಿಶೋರನ ಬೆನ್ನು ತಟ್ಟಿದರು. ಅವನು ನನ್ನ ಕಡೆ ಕೈ ತೋರಿಸಿ, ಇವಳದೇ ಯೋಚನೆ ಸರ್ ಎಂದ. ಸರ್ ತಲೆ ಆಡಿಸಿ, “ರೆಕಾರ್ಡಿಗೆ ಚಂದಗೆ ಇಳಿಸು ತಂಗಿ,” ಎಂದು ಮುಂದೆ ಹೋದರು.

ದಸರೆಗೆ ಲ್ಯಾಬಿನಲ್ಲಿ ಆಯುಧಪೂಜೆ. ಅವತ್ತು ಮಾತ್ರ ಹುಡುಗಿಯರೆಲ್ಲ ಬೆಳಿಗ್ಗೆ ಏಳಕ್ಕೇ ಬರಬೇಕೆಂದು ಅಪ್ಪಣೆ. ಹೊದಿಕೆ ತೆಗೆದು, ಹತ್ತೂ ಕೀಬೋರ್ಡುಗಳ ಸಂದಿಸಂದಿಗೆ ಹತ್ತಿ ಹಾಕಿ ಒರೆಸಿದೆವು, ರಂಗೋಲಿ ಹಾಕಿದೆವು, ಚೆಂಡುಹೂ ಕಟ್ಟಿದೆವು. ಆ ವರ್ಷದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೀಬೋರ್ಡು ಮುಟ್ಟಿದ್ದು ಆ ದಿನ, ಒರೆಸಲು.

ಹಬ್ಬ ಮುಗಿದ ಮೇಲೆ ಧೈರ್ಯ ಮಾಡಿ ಸರ್ ಮುಂದೆ ನಿಂತೆ.

“ಸರ್, ಪರೀಕ್ಷೆದಾಗ ಒಬ್ಬೊಬ್ರೇ ಕೂಡಬೇಕಲ್ರಿ? ನಮಗೂ ಟೈಪ್ ಮಾಡಾಕ ಬಿಡ್ರಿ.”

“ಪರೀಕ್ಷಾ ಇನ್ನಾ ಭಾಳ ದೂರ ಐತಿ. ನಿನ್ನ ಜೀವ ಇರೋದೇ ಅಕ್ಷರದಾಗ, ತಂಗಿ. ಅದನ್ನ ಬಿಟ್ಟು ಗುಂಡಿ ಒತ್ತೋದಕ್ಕ ಯಾಕ ಹಾತೊರಿಯಾಕತ್ತಿ? ಅದು ಯಾರ ಬೇಕಾದ್ರೂ ಒತ್ತತಾರ.”

“ಯಾರ ಬೇಕಾದ್ರೂ ಒತ್ತೋದಾದ್ರ ನಾನೂ ಒತ್ತತೀನಲ್ರಿ.”

ಸರ್ ನಕ್ಕರು. “ಭಾರಿ ಮಾತಾಡ್ತಿ ನೀ,” ಎಂದರು. ಅಲ್ಲಿಗೆ ಮುಗಿಯಿತು. ನಮ್ಮವರು, ಹಿರಿಯರು, ಅದರ ಮೇಲೆ ಏನು ಹೇಳುವುದು? ಒಂದು ದಿನ ಊಟದ ಬಿಡುವಿನಲ್ಲಿ ಲ್ಯಾಬಿನ ಬಾಗಿಲು ತೆರೆದಿದ್ದನ್ನು ನೋಡಿ ಒಳಗೆ ನುಗ್ಗಿ ಹೊದಿಕೆ ಎತ್ತಿದೆ. ನಾಲ್ಕು ಸಾಲು ಟೈಪ್ ಮಾಡುವಷ್ಟರಲ್ಲಿ ಅಟೆಂಡರ್ ಕೂಗಾಡಿದ, ಸರ್ ಓಡಿ ಬಂದರು. ಹುಡುಗರು ಬಿಡುವಿನಲ್ಲಿ ಕೂತು ಕಾರಿನ ಆಟ ಆಡುತ್ತಿದ್ದುದು ಯಾರಿಗೂ ಕಾಣಲಿಲ್ಲ. ನನ್ನ ನಾಲ್ಕು ಸಾಲು ಮಾತ್ರ ಶಿಸ್ತಿಗೆ ಭಂಗ ತಂದವು.

ಅಪ್ಪನಿಗೆ ಹೇಳಿದೆ. ಕಾಲೇಜಿಗೆ ಬಂದು ಸರ್ ಜೊತೆ ಮಾತಾಡು ಎಂದು ಗೋಗರೆದೆ.

“ಅವರು ನಮ್ಮ ಮಂದಿ. ನಾಳೆ ಯಾವುದರೆ ಮದುವಿ, ಮುಂಜಿವಿಯೊಳಗ ಮಾರಿಗೆ ಮಾರಿ ಆಗ್ತೀವಿ. ಹೆಂಗ ಕೇಳಲಿ?” ಎಂದ ಅಪ್ಪ. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. “ಇದಕ್ಕ ನನ್ನ ಹತ್ರ ಉಪಾಯ ಐತಿ. ಟೈಪಿಂಗ್ ಕಲಿ. ಕೀಲಿಮಣಿ ಎರಡಕ್ಕೂ ಒಂದೇ. ಟೈಪಿಂಗ್ ಬಂತಂದ್ರ ಕಂಪ್ಯೂಟರ್ ಅರ್ಧ ಬಂದಂಗ.”

ಅಪ್ಪ ಟೈಪಿಂಗ್ ಪರೀಕ್ಷೆ ಪಾಸಾಗಿಯೇ ನೌಕರಿ ಹಿಡಿದವನು. ಮರುದಿನವೇ ಬಸ್ ನಿಲ್ದಾಣದ ಹಿಂದಿನ ಖಾದರ್ ಸಾಹೇಬರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕರೆದೊಯ್ದ. ಮಾಳಿಗೆಯ ಮೇಲೊಂದು ತಗಡಿನ ಶೆಡ್ಡು, ಎಂಟು ಹಳೆಯ ಟೈಪ್‌ರೈಟರು, ಕೆಳಗೆ ಕುರಿ ಮಾಂಸದ ಅಂಗಡಿ. ಕಂಪ್ಯೂಟರ್ ಬಂದ ಮೇಲೆ ಅವರಲ್ಲಿಗೆ ಬರುವವರೇ ಕಡಿಮೆಯಾಗಿದ್ದರು. ನನ್ನನ್ನು ನೋಡಿ ಸಾಹೇಬರ ಮುಖ ಅರಳಿತು. ಅಕ್ಷರಗಳು ಕಾಣದಂತೆ ಕೀಲಿಗಳ ಮೇಲೆ ಒಂದು ರಟ್ಟು ಕಟ್ಟಿ, “ದೇಖ್‌ಕೇ ನಕ್ಕೋ ಮಾರೋ, ಬೇಟಿ,” ಎನ್ನುತ್ತಿದ್ದರು. ನೋಡಿಕೊಂಡು ಹೊಡೆಯಬೇಡ ಎಂದು. ಆ ಯಂತ್ರಗಳಲ್ಲಿ ‘ಒಂದು’ ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ, ಎರಡರಿಂದ ಶುರು. ಒಂದು ಎಲ್ಲಿ ಎಂದು ಕೇಳಿದೆ. “ಛೋಟಾ ಎಲ್ ಮಾರೋ. ವಹೀಚ್ ಏಕ್ ಹೈ,” ಎಂದರು. ಇಂಗ್ಲಿಷಿನ ಸಣ್ಣ ‘ಎಲ್’ ಹೊಡೆದರೆ ಅದೇ ಒಂದು. ಹಳೆಯ ಟೈಪಿಸ್ಟರೆಲ್ಲ ಹಾಗೇ ಹೊಡೆದವರು, ಅಪ್ಪನೂ ಸೇರಿ. ಮೂರು ತಿಂಗಳು ದಿನಾ ಬೆಳಿಗ್ಗೆ ಆರಕ್ಕೆ, ಚಳಿಯಲ್ಲಿ ಶಾಲು ಹೊದ್ದು ಹೋದೆ. ಫೆಬ್ರವರಿಯ ಹೊತ್ತಿಗೆ ನನ್ನ ಬೆರಳುಗಳು ಕಣ್ಣಿನ ಹಂಗಿಲ್ಲದೆ ಓಡುತ್ತಿದ್ದವು. ಹತ್ತು, ಹನ್ನೊಂದು, ನೂರು, ಏನೇ ಬರಲಿ, ಬಲಗೈಯ ಉಂಗುರದ ಬೆರಳು ತಾನಾಗಿ ‘ಎಲ್’ ಮೇಲೆ ಬೀಳುತ್ತಿತ್ತು.

ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಕಾಲೇಜಿನಿಂದ ದಪ್ಪ ಕನ್ನಡಕದ ತೆಲುಗು ಮೇಷ್ಟ್ರೊಬ್ಬರು ಬಂದರು. ಹತ್ತು ಹತ್ತು ಜನರ ಎರಡು ತಂಡ. ಚೀಟಿ ಎತ್ತಬೇಕು, ಬಂದದ್ದನ್ನು ಎರಡು ತಾಸಿನಲ್ಲಿ ಮಾಡಿ ತೋರಿಸಬೇಕು. ನಮ್ಮ ತಂಡದಲ್ಲಿ ಕಿಶೋರ್ ಎತ್ತಿದ ಚೀಟಿಯಲ್ಲಿ ಗ್ರಂಥಾಲಯ ಬಂತು. ನನ್ನ ಗ್ರಂಥಾಲಯ! ನನಗೆ ಬಂದದ್ದು ಹತ್ತು ವಿದ್ಯಾರ್ಥಿಗಳ ಅಂಕ ಕೂಡಿಸಿ, ರ‍್ಯಾಂಕಿನ ಪ್ರಕಾರ ಜೋಡಿಸುವ ಪ್ರೋಗ್ರಾಂ. ಕಷ್ಟದ್ದೇನಲ್ಲ. ಹಾಳೆಯ ಮೇಲೆ ಕಾಲು ಗಂಟೆಯಲ್ಲಿ ಬರೆದು, ಕೀಬೋರ್ಡಿನ ಮೇಲೆ ಕೈ ಇಟ್ಟೆ. ಪರದೆ ನೋಡುತ್ತಲೇ ಟಕಟಕ ಹೊಡೆದೆ. ಟೈಪ್‌ರೈಟರಿನ ಅಭ್ಯಾಸ, ಜೋರಾಗಿಯೇ ಹೊಡೆಯುತ್ತಿದ್ದೆ. ಪಕ್ಕದ ಹುಡುಗಿ ಒಂದೊಂದೇ ಅಕ್ಷರ ಹುಡುಕುತ್ತಾ ಕಣ್ಣೀರು ಹಾಕುತ್ತಿದ್ದಳು. ಗುರುರಾಜ ಸರ್ ನನ್ನ ಹಿಂದೆ ಬಂದು ನಿಂತು ಬಾಯಿ ತೆರೆದದ್ದು ಪರದೆಯ ಗಾಜಿನಲ್ಲಿ ಕಂಡಿತು. ನೋಡಿ, ಕಣ್ತುಂಬ ನೋಡಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಪ್ರೋಗ್ರಾಂ ಓಡಿಸಲು ಗುಂಡಿ ಒತ್ತಿದೆ. ತಪ್ಪು ಎಂದಿತು. ಯಾವ ತಪ್ಪು ಎಂದು ನೋಡಿದರೆ, ಹತ್ತು ಎಂದರೆ ಏನೆಂದು ತನಗೆ ಗೊತ್ತಿಲ್ಲ ಎನ್ನುತ್ತಿತ್ತು ಕಂಪ್ಯೂಟರ್. ಹತ್ತು ಗೊತ್ತಿಲ್ಲವೇ? ಇಡೀ ಜಗತ್ತಿನ ಲೆಕ್ಕ ಮಾಡುವ ಯಂತ್ರಕ್ಕೆ ಹತ್ತು ಗೊತ್ತಿಲ್ಲವೇ? ಸಾಲು ಅಳಿಸಿ ಮತ್ತೆ ಹೊಡೆದೆ. ಅದೇ ಬೆರಳು, ಅದೇ ಕೀಲಿ, ಅದೇ ತಪ್ಪು. ಆವರಣ ಚಿಹ್ನೆ ನೋಡಿದೆ, ಅರ್ಧವಿರಾಮ ಎಣಿಸಿದೆ. ಐದು ಸಲ ಮೊದಲಿನಿಂದ ಹೊಡೆದೆ. ಆ ಕೊರೆಯುವ ಎ.ಸಿ.ಯಲ್ಲಿ ನನ್ನ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಆ ಕಡೆ ಕಿಶೋರ್ ಗ್ರಂಥಾಲಯ ಓಡಿಸಿ ತೋರಿಸುತ್ತಿದ್ದ, ಹೊರಗಿನ ಮೇಷ್ಟ್ರು ತಲೆದೂಗುತ್ತಿದ್ದರು.

ಸಮಯ ಮುಗಿದ ಗಂಟೆ ಹೊಡೆಯಿತು. ಹೊರಗಿನ ಮೇಷ್ಟ್ರು ನನ್ನ ಪರದೆ ನೋಡಿ, ಓಡಿಲ್ಲ ಎಂದು ಹಾಳೆಯಲ್ಲಿ ಗುರುತು ಹಾಕಿದರು. ಆಗ ಗುರುರಾಜ ಸರ್ ಬಗ್ಗಿ, ಒಂದು ನಿಮಿಷ ನೋಡಿ, ನಕ್ಕುಬಿಟ್ಟರು.

“ಅಯ್ಯ ತಂಗಿ, ಇವು ಒಂದಲ್ಲ, ಎಲ್ ಅದಾವು. ಎಲ್ಲಾ ಕಡೆ ಎಲ್ ಹೊಡದೀಯಲ್ಲ! ಟೈಪ್‌ರೈಟರ್ ಕಲ್ತಿಯೇನು?”

ಪರದೆಯ ಮೇಲೆ ಎರಡೂ ನನಗೆ ಒಂದೇ ಥರ ಕಂಡಿದ್ದವು. ಅವರು ಮೂರು ಕಡೆ ‘ಎಲ್’ ಅಳಿಸಿ ಒಂದನ್ನು ಒತ್ತಿದರು. ಪ್ರೋಗ್ರಾಂ ಓಡಿತು. ಹತ್ತು ಹೆಸರು, ಹತ್ತು ಮೊತ್ತ, ರ‍್ಯಾಂಕಿನ ಪ್ರಕಾರ ಒಂದರ ಕೆಳಗೊಂದು, ಎಲ್ಲಿಯೂ ಒಂದು ಲೋಪವಿಲ್ಲ. ನಾನು ಹೊರಗಿನ ಮೇಷ್ಟ್ರ ಮುಖ ನೋಡಿದೆ. “ಟೈಮ್ ಆದ ಮೇಲೆ ಓಡಿದರೆ ನಾನೇನು ಮಾಡಲಮ್ಮಾ?” ಎಂದರು ತೆಲುಗಿನಲ್ಲಿ. ಆಮೇಲೆ ನನ್ನ ರೆಕಾರ್ಡು ತಿರುವಿದರು. ತಿರುವುತ್ತಾ ತಿರುವುತ್ತಾ ಮುಖ ಮೆದುವಾಯಿತು. “ಎಂಥ ಬರಹ! ಇದಕ್ಕೆ ಪೂರ್ತಿ ಅಂಕ. ಫೇಲ್ ಮಾಡುವುದಿಲ್ಲ, ಹೆದರಬೇಡ.”

ವರ್ಷವಿಡೀ ಗುಂಡಿ ಮುಟ್ಟಲು ಬಿಡದೆ, ಮುಟ್ಟಿದ ದಿನ ತಪ್ಪು ಗುಂಡಿ ಒತ್ತಿದಳು ಎಂದು ನಗುವುದು ಎಂಥ ನ್ಯಾಯ? ಲ್ಯಾಬಿನಲ್ಲಿ ನನಗೆ ನಾಲ್ಕು ದಿನ ಸಿಕ್ಕಿದ್ದರೆ, ನಾಲ್ಕೇ ನಾಲ್ಕು ದಿನ, ಮೊದಲ ಸಲ ಆ ತಪ್ಪು ಮಾಡಿದಾಗಲೇ ತಿಳಿದುಹೋಗುತ್ತಿತ್ತು. ಅಪ್ಪನ ಮೇಲೆ ಸಿಟ್ಟು ಬಂತು, ಖಾದರ್ ಸಾಹೇಬರ ಮೇಲೂ ಬಂತು, ಅವರು ತಮಗೆ ಗೊತ್ತಿದ್ದನ್ನು ಪ್ರೀತಿಯಿಂದ ಕಲಿಸಿದವರು ಎಂದು ನೆನೆದು ಅಳುವೂ ಬಂತು. ಗುರುರಾಜ ಸರ್ ಮೇಲೆ ಬಂದ ಸಿಟ್ಟಿಗೆ ಮಾತ್ರ ಅಳು ಸೇರಿರಲಿಲ್ಲ.

ನನಗೆ ಬಂದದ್ದು ಐವತ್ತಕ್ಕೆ ಇಪ್ಪತ್ತಾರು. ಅಪ್ಪ ಕರಾರಿನಂತೆ ನಡೆದ. ಆ ಜೂನಿನಲ್ಲಿ ನಾನು ಬಿ.ಎ. ಸೇರಿದೆ. ಮುಂದೆ ನೌಕರಿ ಸಿಕ್ಕ ಮೇಲೆ ಪ್ರೋಗ್ರಾಂ ಬರೆಯುವುದನ್ನು ನಾನೇ ಕಲಿತೆ. ಈಗ ನಮ್ಮ ಆಫೀಸಿನಲ್ಲಿ ಯಾವ ಕಂಪ್ಯೂಟರ್ ಮುನಿಸಿಕೊಂಡರೂ ಎಲ್ಲರೂ ಕೂಗುವುದು ನನ್ನನ್ನೇ. ಅದರಿಂದ ಸಿಟ್ಟು ಕಡಿಮೆಯಾಗಬೇಕಿತ್ತು. ಹೆಚ್ಚೇ ಆಗಿದೆ, ಎಷ್ಟು ಸುಲಭವಿತ್ತು ಎಂದು ಗೊತ್ತಾಗಿರುವುದರಿಂದ.

ಇಷ್ಟನ್ನು ಅವ್ವನಿಗೆ ನೂರು ಸಲ ಹೇಳಿದ್ದೇನೆ. ಒಂದನ್ನು ಹೇಳಿಲ್ಲ. ಪರೀಕ್ಷೆಯ ಆ ಸಂಜೆ ಎಲ್ಲರೂ ಮನೆಗೆ ಹೊರಟಿದ್ದಾಗ ಗುರುರಾಜ ಸರ್ ನನ್ನನ್ನು ಕರೆದರು. ಹೊರಗಿನ ಮೇಷ್ಟ್ರು ಚಹಾ ಕುಡಿಯುತ್ತಿದ್ದರು. ಮೇಜಿನ ಮೇಲೆ ಅಂಕಗಳ ಕಚ್ಚಾ ಪಟ್ಟಿ ಇತ್ತು.

“ತಂಗಿ, ಕಾಲೇಜಿನ ರಿಜಿಸ್ಟರಿಗೆ ಇದನ್ನೊಂದು ಫೇರ್ ಕಾಪಿ ಬರದುಕೊಡು. ನಿನ್ನಷ್ಟು ಚಂದ ಮತ್ತ್ಯಾರು ಬರೀತಾರ?”

ಕೂತು ಬರೆದೆ. ಸ್ಕೇಲು ಹಿಡಿದು ಗೆರೆ ಹೊಡೆದೆ. ಕಿಶೋರನ ಹೆಸರಿನ ಮುಂದೆ ನಲವತ್ತೇಳು, ನನ್ನ ಹೆಸರಿನ ಮುಂದೆ ಇಪ್ಪತ್ತಾರು. ಬರೆಯುತ್ತಾ ಹೋದಂತೆ ಕಂಡಿತು: ಹತ್ತು ಹುಡುಗರೂ ನಲವತ್ತರ ಮೇಲೆ, ಹತ್ತು ಹುಡುಗಿಯರೂ ಮೂವತ್ತರ ಕೆಳಗೆ. ಪಟ್ಟಿ ಹರಿದು ಅವರ ಚಹಾದ ಮೇಲೆ ಎಸೆಯಬಹುದಿತ್ತು. ಬೇಕೆಂದೇ ಕೆಟ್ಟದಾಗಿ ಬರೆಯಬಹುದಿತ್ತು. ಒಂದು ಅಕ್ಷರವನ್ನೂ ತಿದ್ದದೆ, ಒಂದು ಹನಿ ಶಾಯಿಯನ್ನೂ ಚೆಲ್ಲದೆ ಇಪ್ಪತ್ತು ಹೆಸರು ಬರೆದು ಮುಗಿಸಿದೆ. ಸರ್ ಅದನ್ನು ಎತ್ತಿ ಬೆಳಕಿಗೆ ಹಿಡಿದು, “ಭಾಳ ಚಂದ ಬರದಿ,” ಎಂದರು. ಆಗ, ಒಂದು ಕ್ಷಣ, ನನಗೆ ಖುಷಿಯಾಯಿತು.